ಹಳೆಯ ಮರಗೆಲಸದ ರೂಟರ್‌ಗಳ ಕೋಲೆಟ್ ಮತ್ತು ಬಿಡಿಭಾಗಗಳ ಹೊಂದಾಣಿಕೆ

ಕೋಲೆಟ್ ಎಂಬುದು ಮರಗೆಲಸದ ರೂಟರ್ ಯಂತ್ರದಲ್ಲಿ ಕತ್ತರಿಸುವ ಬಿಟ್‌ನ ದಂಡವನ್ನು ಸುತ್ತಲೂ ಸಮನಾಗಿ ಒತ್ತಿ ಹಿಡಿಯುವ, ಸೀಳುಗಳುಳ್ಳ, ಶಂಕುವಿನಾಕಾರದ ಉಕ್ಕಿನ ಕೊಳವೆಯಾಗಿದೆ. ರೂಟರ್‌ನ ಮೋಟಾರು ನಿಮಿಷಕ್ಕೆ ಸಾಮಾನ್ಯವಾಗಿ 8,000ದಿಂದ 30,000 ಸುತ್ತುಗಳವರೆಗೆ ತಿರುಗುತ್ತದೆ. ಈ ವೇಗದಲ್ಲಿ ಬಿಟ್ಟನ್ನು ಯಂತ್ರಕ್ಕೆ ಬಂಧಿಸಿರುವ ಏಕೈಕ ಭಾಗ ಕೋಲೆಟ್ ಆಗಿರುವುದರಿಂದ, ಗಾತ್ರದಲ್ಲಿ ಚಿಕ್ಕದಾದರೂ ಕೆಲಸದ ಗುಣಮಟ್ಟ ಮತ್ತು ಕೆಲಸಗಾರನ ಸುರಕ್ಷತೆ ಎರಡೂ ಅದನ್ನೇ ಅವಲಂಬಿಸಿವೆ.

ತಯಾರಿಕೆ ನಿಂತುಹೋದ ಹಳೆಯ ರೂಟರ್‌ಗಳಿಗೆ ಬಿಡಿಭಾಗ ಹುಡುಕುವಾಗ ಎರಡು ಬಗೆಯ ಭಾಗಗಳನ್ನು ಬೇರ್ಪಡಿಸಿ ನೋಡಬೇಕಾಗುತ್ತದೆ. ಬೇರಿಂಗ್, ತಿರುಪು, ವಿದ್ಯುತ್ ತಂತಿ ಮುಂತಾದವು ಅಂತಾರಾಷ್ಟ್ರೀಯ ಮಾನಕ ಅಳತೆಗಳಲ್ಲಿ ತಯಾರಾಗುವುದರಿಂದ ಯಾವ ಊರಿನಲ್ಲಿಯೂ ಬದಲಿ ದೊರೆಯುತ್ತದೆ. ಕೋಲೆಟ್ ಮತ್ತು ಕೋಲೆಟ್ ನಟ್‌ಗಳಿಗೆ ಎಲ್ಲ ತಯಾರಕರೂ ಒಪ್ಪಿದ ಸಾಮಾನ್ಯ ಮಾನಕವಿಲ್ಲ. ಒಂದೇ ಕಂಪನಿಯ ಎರಡು ಮಾದರಿಗಳಲ್ಲಿಯೂ ಅವು ಬೇರೆಯಾಗಿರಬಹುದು. ಮೊದಲನೆಯ ಬಗೆಯ ಭಾಗಗಳಲ್ಲಿ ಸರಿಹೊಂದುವ ಬದಲಿಯನ್ನು ಧೈರ್ಯವಾಗಿ ಬಳಸಬಹುದು. ಎರಡನೆಯ ಬಗೆಯಲ್ಲಿ ‘ಹೆಚ್ಚುಕಡಿಮೆ ಕೂರುತ್ತದೆ’ ಎಂಬುದು ಅಪಾಯದ ಸೂಚನೆಯಾಗಿದೆ.

ಹೆಸರು ಮತ್ತು ರಚನೆ

‘ಕೋಲೆಟ್’ ಎಂಬುದು ಫ್ರೆಂಚ್ ಮೂಲದ ಪದ. ‘ಕೊರಳು’ ಎಂಬ ಅರ್ಥದ ‘ಕೋಲ್’ ಶಬ್ದದಿಂದ ಬಂದಿದ್ದು, ಚಿಕ್ಕ ಕೊರಳಪಟ್ಟಿ ಎಂಬ ಅರ್ಥವನ್ನು ಕೊಡುತ್ತದೆ. ಕರ್ನಾಟಕದ ಮರಗೆಲಸಗಾರರಲ್ಲಿ ಇದೇ ಪದ ಬಳಕೆಯಲ್ಲಿದೆ.

ರೂಟರ್‌ನ ಹಿಡಿತದ ವ್ಯವಸ್ಥೆಯಲ್ಲಿ ಮೂರು ಭಾಗಗಳಿವೆ. ಮೊದಲನೆಯದು ಸ್ಪಿಂಡಲ್, ಅಂದರೆ ಮೋಟಾರಿನ ತಿರುಗುವ ಅಚ್ಚಿನ ತುದಿ. ಇದರ ಒಳಭಾಗವು ಆಲಿಕೆಯಂತೆ ಇಳಿಜಾರಾಗಿಯೂ ಹೊರಭಾಗವು ಥ್ರೆಡ್ ಕೊರೆದೂ ಇರುತ್ತದೆ. ಎರಡನೆಯದು ಕೋಲೆಟ್, ಇದರ ಹೊರಮೈ ಸ್ಪಿಂಡಲ್‌ನ ಒಳ ಇಳಿಜಾರಿಗೆ ಹೊಂದುವ ಶಂಕುವಾಗಿದ್ದು, ಒಳರಂಧ್ರವು ಬಿಟ್‌ನ ದಂಡದ ಅಳತೆಯದಾಗಿರುತ್ತದೆ. ಮೂರನೆಯದು ಕೋಲೆಟ್ ನಟ್. ಪಾನಾದಿಂದ ನಟ್ಟನ್ನು ತಿರುಗಿಸಿದಾಗ ಅದು ಕೋಲೆಟ್ಟನ್ನು ಇಳಿಜಾರಿನೊಳಕ್ಕೆ ತಳ್ಳುತ್ತದೆ, ಸೀಳುಗಳು ಕಿರಿದಾಗುತ್ತವೆ, ದಂಡವು ತನ್ನ ಉದ್ದಕ್ಕೂ ಸುತ್ತಲೂ ಒತ್ತಲ್ಪಡುತ್ತದೆ. ನಟ್ಟನ್ನು ಸಡಿಲಿಸಿದಾಗ ಕೋಲೆಟ್ ತನ್ನ ಸ್ಪ್ರಿಂಗ್ ಗುಣದಿಂದ ಮೂಲ ಆಕಾರಕ್ಕೆ ಮರಳಬೇಕು. ಇದಕ್ಕಾಗಿಯೇ ಒಳ್ಳೆಯ ಕೋಲೆಟ್‌ಗಳನ್ನು ಸ್ಪ್ರಿಂಗ್ ಉಕ್ಕಿನಿಂದ ಮಾಡಿ, ಶಾಖದಿಂದ ಗಟ್ಟಿಗೊಳಿಸಿ, ಬಳಿಕ ಸಾಣೆ ಹಿಡಿದು ನಿಖರ ಅಳತೆಗೆ ತರಲಾಗುತ್ತದೆ.

ಹಳೆಯ ಕೋಲೆಟ್‌ಗಳಲ್ಲಿ ಎರಡು ಅಥವಾ ಮೂರು ಸೀಳುಗಳು ಒಂದೇ ತುದಿಯಿಂದ ಹೊರಡುತ್ತವೆ. ನಂತರದ ಕಾಲದ ಉತ್ತಮ ಕೋಲೆಟ್‌ಗಳಲ್ಲಿ ಎರಡೂ ತುದಿಗಳಿಂದ ಪರ್ಯಾಯವಾಗಿ ಹೆಚ್ಚು ಸೀಳುಗಳಿದ್ದು, ಹಿಡಿತ ಇನ್ನಷ್ಟು ಸಮನಾಗಿರುತ್ತದೆ. ಕೆಲವು ನಟ್‌ಗಳೊಳಗೆ ಕೋಲೆಟ್ಟನ್ನು ಹಿಡಿದಿಡುವ ಉಂಗುರವಿರುತ್ತದೆ. ಇಂಥವನ್ನು ಬಿಚ್ಚುವಾಗ ನಟ್ ಮೊದಲು ಸಡಿಲವಾಗಿ, ಸ್ವಲ್ಪ ತಿರುಗಿದ ಮೇಲೆ ಮತ್ತೆ ಬಿಗಿಯಾಗುತ್ತದೆ. ಆ ಎರಡನೆಯ ಬಿಗಿಯನ್ನು ಬಿಡಿಸಿದಾಗ ಉಂಗುರವು ಕೋಲೆಟ್ಟನ್ನು ಹೊರಕ್ಕೆ ಎಳೆಯುತ್ತದೆ. ಇದು ದೋಷವಲ್ಲ, ವಿನ್ಯಾಸವೇ ಹಾಗಿದೆ.

ಇತಿಹಾಸ

ವಿದ್ಯುತ್ ರೂಟರ್ ಬರುವ ಮೊದಲು ಇದೇ ಹೆಸರಿನ ಕೈ ಉಪಕರಣ ಯೂರೋಪಿನಲ್ಲಿ ಬಳಕೆಯಲ್ಲಿತ್ತು. ಅದು ತೋಡಿದ ಗಾಡಿಯ ತಳವನ್ನು ಸಮಗೊಳಿಸುವ ಒಂದು ಬಗೆಯ ತೋಪಡ. ಹಿಡಿದು ಬಳಸಬಹುದಾದ ವಿದ್ಯುತ್ ರೂಟರ್ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ರೂಪುಗೊಂಡಿತು. ಮೋಟಾರನ್ನು ಚಲಿಸುತ್ತಿರುವಾಗಲೇ ಮೇಲಿನಿಂದ ಮರದೊಳಕ್ಕೆ ಇಳಿಸಬಹುದಾದ ‘ಪ್ಲಂಜ್’ ರೂಟರನ್ನು ಜರ್ಮನಿಯ ಎಲು ಕಂಪನಿಯು 1949ರಲ್ಲಿ ಹೊರತಂದಿತು.

ಬಿಡಿಭಾಗ ಹುಡುಕುವವರಿಗೆ ಕಂಪನಿಗಳ ಕೈಬದಲಾವಣೆಯ ಇತಿಹಾಸ ಉಪಯುಕ್ತವಾಗಿದೆ. ಡಿವಾಲ್ಟ್ ಕಂಪನಿಯನ್ನು ಬ್ಲ್ಯಾಕ್ ಅಂಡ್ ಡೆಕರ್ 1960ರಲ್ಲಿ ಕೊಂಡಿತು. 1980ರ ದಶಕದಲ್ಲಿ ಎಲು ಕೂಡ ಅದೇ ಸಂಸ್ಥೆಯ ಪಾಲಾಯಿತು. ಹಾಗಾಗಿ ಎಲು ರೂಟರ್‌ಗಳ ವಿನ್ಯಾಸ ಡಿವಾಲ್ಟ್ ಹೆಸರಿನಲ್ಲಿ ಮುಂದುವರಿಯಿತು. ಎಲು ಎಂಒಎಫ್ 177 ಮಾದರಿಯ ನೇರ ಉತ್ತರಾಧಿಕಾರಿ ಡಿವಾಲ್ಟ್ ಡಿಡಬ್ಲ್ಯು 625 ಆಗಿದೆ. ಬ್ಲ್ಯಾಕ್ ಅಂಡ್ ಡೆಕರ್ 2010ರಲ್ಲಿ ಸ್ಟ್ಯಾನ್ಲಿ ಕಂಪನಿಯೊಂದಿಗೆ ವಿಲೀನವಾಯಿತು. ಜಪಾನಿನ ಹಿಟಾಚಿ ಕೋಕಿ ಸಂಸ್ಥೆಯ ಉಪಕರಣಗಳು 2018ರಿಂದ ಹೈಕೋಕಿ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿವೆ. ಯಂತ್ರದ ಮೇಲಿನ ಹೆಸರು ಅಂಗಡಿಯಿಂದ ಮರೆಯಾದ ಮಾತ್ರಕ್ಕೆ ಅದರ ಭಾಗಗಳೂ ಮರೆಯಾದವೆಂದು ತಿಳಿಯಬೇಕಾಗಿಲ್ಲ.

ಹುಣಸೂರು ಸುತ್ತಲಿನ ತಾಲ್ಲೂಕುಗಳಲ್ಲಿ

ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಮರಗೆಲಸಕ್ಕೆ ಹಳೆಯ ಹಿನ್ನೆಲೆಯಿದೆ. ಲಕ್ಷ್ಮಣತೀರ್ಥ ನದಿಯ ದಡದಲ್ಲಿರುವ ಹುಣಸೂರು 19ನೇ ಶತಮಾನದಲ್ಲಿ ಅಮೃತಮಹಲ್ ಜಾನುವಾರು ಇಲಾಖೆಯ ಕೇಂದ್ರವಾಗಿತ್ತು. ಸೇನೆಯ ಸರಬರಾಜಿಗಾಗಿ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿ ತಯಾರಿಕೆ ಮತ್ತು ಮರದ ಅಂಗಳವೂ ಅಲ್ಲಿದ್ದವು. ನಾಗರಹೊಳೆಯ ಕಾಡು ಹುಣಸೂರು ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳನ್ನು ತಾಗಿಕೊಂಡಿದೆ. ತೇಗ, ಬೀಟೆ, ಹೊನ್ನೆ, ಮತ್ತಿ, ನಂದಿ ಈ ಸೀಮೆಯ ಪರಿಚಿತ ಮರಗಳು. ಕೊಡಗಿನ ಕಾಫಿ ತೋಟಗಳ ಸಿಲ್ವರ್ ಓಕ್ ಕೂಡ ಇಲ್ಲಿನ ಮರಗೆಲಸಕ್ಕೆ ಒದಗುತ್ತದೆ. ಬೀಟೆಮರದ ಕೆತ್ತು ಜೋಡಣೆ ಮೈಸೂರಿನ ಪ್ರಸಿದ್ಧ ಕಲೆಯಾಗಿದ್ದು, ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿದೆ.

ನೇಗಿಲು, ಗಾಡಿ, ಬಾಗಿಲುವಾಡಗಳನ್ನು ಉಳಿ, ಬಾಚಿ, ಕೊಡತಿ, ಬೈರಿಗೆಗಳಿಂದ ಮಾಡುತ್ತಿದ್ದ ಆಚಾರಿಗಳ ಕೆಲಸ ಇಂದು ಬಾಗಿಲು, ಕಿಟಕಿ, ಕಪಾಟು, ಅಡುಗೆಮನೆಯ ಜೋಡಣೆಗಳತ್ತ ತಿರುಗಿದೆ. ಬಾಗಿಲಿನ ಅಂಚಿಗೆ ಮೋಲ್ಡಿಂಗ್ ಹೊಡೆಯುವುದು, ಕೀಲು ಕೂರಿಸುವ ಗುಳಿ ತೆಗೆಯುವುದು, ಗಾಡಿ ತೋಡುವುದು, ಪ್ಲೈವುಡ್ ಮೇಲೆ ಅಂಟಿಸಿದ ಲ್ಯಾಮಿನೇಟ್ ಹಾಳೆಯ ಅಂಚನ್ನು ಸವರುವುದು ರೂಟರ್ ಮತ್ತು ಅದರ ಚಿಕ್ಕ ರೂಪವಾದ ಟ್ರಿಮ್ಮರ್‌ಗಳ ಕೆಲಸ.

ಇಲ್ಲಿನ ಮರಗಳ ಗುಣವೂ ಕೋಲೆಟ್ ಮೇಲೆ ಪರಿಣಾಮ ಬೀರುತ್ತದೆ. ತೇಗದಲ್ಲಿರುವ ಸಿಲಿಕಾ ಬಿಟ್‌ನ ಅಲಗನ್ನು ಬೇಗನೆ ಮೊಂಡು ಮಾಡುತ್ತದೆ. ಬೀಟೆ ತೇಗಕ್ಕಿಂತ ತೂಕದ, ಗಟ್ಟಿಯಾದ ಮರ. ಮೊಂಡು ಬಿಟ್ ಗಟ್ಟಿಮರದಲ್ಲಿ ಓಡುವಾಗ ಅದರ ದಂಡವನ್ನು ತಿರುಚುವ ಬಲ ಹೆಚ್ಚುತ್ತದೆ. ಸವೆದ ಕೋಲೆಟ್ ಆ ಬಲವನ್ನು ತಡೆಯಲಾರದೆ ಜಾರಲು ಬಿಡುತ್ತದೆ. ತೇಗದ ಎಣ್ಣೆಯಂಶ, ಹಲಸಿನ ಮರದ ಅಂಟು ಮತ್ತು ಪ್ಲೈವುಡ್‌ನ ಗೋಂದಿನ ಪುಡಿ ಸೇರಿ ಕೋಲೆಟ್‌ನ ಒಳಮೈಯಲ್ಲಿ ಕಂದು ಪದರವಾಗಿ ಗಟ್ಟಿಯಾಗುತ್ತವೆ. ಮಳೆಗಾಲದ ತೇವದಲ್ಲಿ ಬಳಸದೆ ಇಟ್ಟ ಕೋಲೆಟ್‌ಗೆ ತುಕ್ಕೂ ಹಿಡಿಯುತ್ತದೆ.

ಹುಣಸೂರಿನಿಂದ ಮೈಸೂರಿಗೆ ಸುಮಾರು 45 ಕಿ.ಮೀ. ದೂರವಿದೆ. ಹುಣಸೂರು ಮತ್ತು ಪಿರಿಯಾಪಟ್ಟಣ ರಾಷ್ಟ್ರೀಯ ಹೆದ್ದಾರಿ 275ರ ಮೇಲಿವೆ. ಕೃಷ್ಣರಾಜನಗರಕ್ಕೆ ಮೈಸೂರಿನಿಂದ ರೈಲು ಸಂಪರ್ಕವಿದೆ. ಕಂಪನಿಯ ಬಿಡಿಭಾಗಗಳಿಗೆ ಮೈಸೂರನ್ನೋ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಯಂತ್ರೋಪಕರಣಗಳ ಮಾರುಕಟ್ಟೆಯನ್ನೋ ಆಶ್ರಯಿಸಬೇಕಾಗಿ ಬಂದಾಗ ಒಂದು ದಿನದ ಕೂಲಿ ಮತ್ತು ಪ್ರಯಾಣದ ಖರ್ಚು ಸೇರುತ್ತದೆ. ಆದ್ದರಿಂದ ಯಾವ ಭಾಗ ತಾಲ್ಲೂಕು ಕೇಂದ್ರದಲ್ಲಿಯೇ ಸಿಗಬಹುದು, ಯಾವುದಕ್ಕೆ ಹೊರಗೆ ಹೋಗಲೇಬೇಕು, ಹೋಗುವಾಗ ಯಾವ ಅಳತೆಗಳನ್ನು ಬರೆದುಕೊಂಡು ಹೋಗಬೇಕು ಎಂಬುದು ಮುಖ್ಯವಾಗುತ್ತದೆ.

ದಂಡದ ಅಳತೆಗಳು

ರೂಟರ್ ಬಿಟ್‌ಗಳ ದಂಡಗಳು ಇಂಚು ಮತ್ತು ಮಿಲಿಮೀಟರ್ ಎಂಬ ಎರಡು ಪದ್ಧತಿಗಳಲ್ಲಿ ಬರುತ್ತವೆ. ಪ್ರಚಲಿತ ಅಳತೆಗಳು ಇವು:

• 6 ಮಿ.ಮೀ.
• ಕಾಲು ಇಂಚು, ಅಂದರೆ 6.35 ಮಿ.ಮೀ.
• 8 ಮಿ.ಮೀ.
• ಮೂರು ನೂಲು, ಅಂದರೆ 9.525 ಮಿ.ಮೀ.
• 12 ಮಿ.ಮೀ.
• ಅರ್ಧ ಇಂಚು, ಅಂದರೆ 12.7 ಮಿ.ಮೀ.

ಅಮೆರಿಕದಲ್ಲಿ ಕಾಲು ಮತ್ತು ಅರ್ಧ ಇಂಚಿನವು ರೂಢಿಯಲ್ಲಿವೆ; ಯೂರೋಪಿನಲ್ಲಿ 8 ಮತ್ತು 12 ಮಿ.ಮೀ. ಹೆಚ್ಚು. ಭಾರತದ ಮಾರುಕಟ್ಟೆಯಲ್ಲಿ ಎರಡೂ ಬಗೆಯವು ಬೆರೆತಿವೆ. ದೇಶವು ಮೆಟ್ರಿಕ್ ಪದ್ಧತಿಯನ್ನು 1956ರ ಕಾಯಿದೆಯ ಮೂಲಕ ಅಂಗೀಕರಿಸಿದರೂ, ಮರಗೆಲಸದಲ್ಲಿ ಇಂಚು ಮತ್ತು ನೂಲಿನ ಲೆಕ್ಕ ಉಳಿದುಬಂದಿದೆ. ಎಂಟು ನೂಲಿಗೆ ಒಂದು ಇಂಚು. ಮಾತಿನಲ್ಲಿ ‘ಕಾಲಿಂಚು’ ಎಂದು ಕರೆಯುವ ಬಿಟ್ ನಿಜವಾಗಿ 6 ಮಿ.ಮೀ. ಆಗಿರುವ ಸಂಭವ ಇರುವುದರಿಂದ ವರ್ನಿಯರ್ ಕ್ಯಾಲಿಪರಿನಿಂದ ಅಳೆಯದೆ ಕೊಳ್ಳುವುದು ಸರಿಯಲ್ಲ.

6 ಮತ್ತು 6.35 ಮಿ.ಮೀ.ಗಳ ನಡುವಿನ ವ್ಯತ್ಯಾಸ ಕೇವಲ 0.35 ಮಿ.ಮೀ. ಎಂದು ತೋರಬಹುದು. ಆದರೆ ಸುತ್ತಳತೆಯಲ್ಲಿ ಇದು ಸುಮಾರು 1.1 ಮಿ.ಮೀ. ಆಗುತ್ತದೆ. ಕಾಲು ಇಂಚಿನ ಕೋಲೆಟ್ 6 ಮಿ.ಮೀ. ದಂಡವನ್ನು ಹಿಡಿಯಬೇಕಾದರೆ ಅದರ ಸೀಳುಗಳು ಒಟ್ಟಾಗಿ ಅಷ್ಟು ಮುಚ್ಚಿಕೊಳ್ಳಬೇಕು. ಹಾಗೆ ಮುಚ್ಚಿಕೊಂಡಾಗ ಕೋಲೆಟ್ ತನ್ನ ಆಕಾರ ಕಳೆದುಕೊಂಡು ತುದಿಯಲ್ಲಿ ಮಾತ್ರ ದಂಡವನ್ನು ಮುಟ್ಟುತ್ತದೆ. ನಟ್ ಬಿಗಿಯಾದಂತೆ ಅನ್ನಿಸುತ್ತದೆ, ಹಿಡಿತ ಮಾತ್ರ ಇರುವುದಿಲ್ಲ. 12 ಮಿ.ಮೀ. ದಂಡವನ್ನು ಅರ್ಧ ಇಂಚಿನ ಕೋಲೆಟ್‌ಗೆ ಹಾಕಿದಾಗ ಈ ಅಂತರ ಸುತ್ತಳತೆಯಲ್ಲಿ 2.2 ಮಿ.ಮೀ. ಆಗುತ್ತದೆ. ಇದಕ್ಕೆ ವಿರುದ್ಧವಾಗಿ ದೊಡ್ಡ ದಂಡವನ್ನು ಚಿಕ್ಕ ಕೋಲೆಟ್‌ಗೆ ಬಡಿದು ಕೂರಿಸಿದರೆ ಕೋಲೆಟ್ ಬಿರಿಯುತ್ತದೆ.

ದಂಡ ದಪ್ಪವಾದಷ್ಟೂ ಬಾಗುವಿಕೆ ಕಡಿಮೆ. ಒಂದೇ ಉಕ್ಕಿನ, ಒಂದೇ ಉದ್ದದ ದಂಡಗಳ ಬಿಗಿತವು ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ಆದ್ದರಿಂದ 12 ಮಿ.ಮೀ. ದಂಡವು 6 ಮಿ.ಮೀ. ದಂಡಕ್ಕಿಂತ 16 ಪಟ್ಟು, 8 ಮಿ.ಮೀ. ದಂಡವು 6 ಮಿ.ಮೀ. ದಂಡಕ್ಕಿಂತ ಮೂರು ಪಟ್ಟಿಗೂ ಹೆಚ್ಚು ಬಿಗಿಯಾಗಿರುತ್ತದೆ. ಬೀಟೆ, ಮತ್ತಿಯಂಥ ಗಟ್ಟಿಮರಗಳಲ್ಲಿ ಆಳವಾದ ಗಾಡಿ ತೋಡಲು ದಪ್ಪ ದಂಡದ ಬಿಟ್ಟನ್ನು ಆರಿಸುವುದಕ್ಕೆ ಇದೇ ಕಾರಣ.

ಹೊಂದುವ ಕೋಲೆಟ್ ಗುರುತಿಸುವ ಕ್ರಮ

ಹೆಸರಿನ ಫಲಕ: ಮೊದಲ ಆಧಾರ ಯಂತ್ರದ ಮೈಮೇಲಿನ ಫಲಕ. ಮಾದರಿಯ ಹೆಸರಿನ ಜೊತೆಗೆ ಅದರಲ್ಲಿರುವ ಟೈಪ್ ಸಂಖ್ಯೆಯನ್ನೂ ಬರೆದುಕೊಳ್ಳಬೇಕು. ಡಿವಾಲ್ಟ್ ಮತ್ತು ಎಲು ಯಂತ್ರಗಳಲ್ಲಿ ಒಂದೇ ಮಾದರಿಗೆ ಬೇರೆ ಬೇರೆ ಟೈಪ್‌ಗಳಿದ್ದು, ಅವುಗಳ ಬಿಡಿಭಾಗಗಳ ಪಟ್ಟಿಯೂ ಬೇರೆಯಾಗಿರುತ್ತದೆ. ಬಾಷ್ ಯಂತ್ರಗಳಲ್ಲಿ ಹತ್ತು ಅಂಕಿಗಳ ಸಂಖ್ಯೆಯಿರುತ್ತದೆ. ಅದರ ಬಿಡಿಭಾಗಗಳಿಗೂ ಹತ್ತು ಅಂಕಿಗಳ ಸಂಖ್ಯೆಯೇ ಇದೆ. ಮಕಿತಾ ಕಂಪನಿಯ ಬಿಡಿಭಾಗಗಳಿಗೆ ಆರು ಅಂಕಿ, ಒಂದು ಅಡ್ಡಗೆರೆ, ಮತ್ತೆ ಒಂದು ಅಂಕಿಯ ಸಂಖ್ಯೆಯಿರುತ್ತದೆ. ಈ ಸಂಖ್ಯೆ ದೊರೆತರೆ ಹುಡುಕಾಟ ಬಹುಪಾಲು ಮುಗಿದಂತೆ. ಎರಡು ಮಾದರಿಗಳ ಬಿಡಿಭಾಗ ಪಟ್ಟಿಗಳಲ್ಲಿ ಕೋಲೆಟ್‌ಗೆ ಒಂದೇ ಸಂಖ್ಯೆ ಇದ್ದರೆ ಅವು ಪರಸ್ಪರ ಹೊಂದುತ್ತವೆ ಎಂದು ಖಚಿತವಾಗಿ ಹೇಳಬಹುದು. ಅಂಗಡಿಯವರ ‘ಎಲ್ಲದಕ್ಕೂ ಆಗುತ್ತದೆ’ ಎಂಬ ಮಾತು ಇದಕ್ಕೆ ಸಮನಲ್ಲ.

ಅಳತೆಗಳು: ಫಲಕ ಅಳಿಸಿಹೋಗಿದ್ದರೆ ಹಳೆಯ ಕೋಲೆಟ್ ಮತ್ತು ಸ್ಪಿಂಡಲ್‌ಗಳನ್ನು ಅಳೆಯಬೇಕಾಗುತ್ತದೆ. ಅಗತ್ಯವಾದ ಅಳತೆಗಳು ಆರು: ಕೋಲೆಟ್‌ನ ದೊಡ್ಡ ತುದಿಯ ವ್ಯಾಸ, ಚಿಕ್ಕ ತುದಿಯ ವ್ಯಾಸ, ಇಳಿಜಾರಿನ ಉದ್ದ, ಕೋಲೆಟ್‌ನ ಒಟ್ಟು ಉದ್ದ, ಸ್ಪಿಂಡಲ್ ಥ್ರೆಡ್‌ನ ಹೊರವ್ಯಾಸ ಹಾಗೂ ಥ್ರೆಡ್‌ನ ಅಂತರ. ಥ್ರೆಡ್‌ನ ಅಂತರವನ್ನು ಲೇತ್ ಅಂಗಡಿಗಳಲ್ಲಿರುವ ಥ್ರೆಡ್ ಗೇಜಿನಿಂದ ತಿಳಿಯಬಹುದು. ಮೆಟ್ರಿಕ್ ಮತ್ತು ಇಂಚಿನ ಥ್ರೆಡ್‌ಗಳು ಒಂದೆರಡು ಸುತ್ತು ಒಂದರೊಳಗೊಂದು ಸಾಗಿ ಬಳಿಕ ಬಿಗಿಯುತ್ತವೆ. ಒತ್ತಾಯದಿಂದ ತಿರುಗಿಸಿದರೆ ಸ್ಪಿಂಡಲ್ಲೇ ಹಾಳಾಗುತ್ತದೆ.

ಇಳಿಜಾರಿನ ಕೋನ: ಎರಡು ತುದಿಗಳ ವ್ಯಾಸಗಳ ವ್ಯತ್ಯಾಸವನ್ನು ಇಳಿಜಾರಿನ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಅರ್ಧಕೋನದ ಟ್ಯಾಂಜೆಂಟ್ ಸಿಗುತ್ತದೆ. ಉದಾಹರಣೆಗೆ, ದೊಡ್ಡ ತುದಿ 18.0 ಮಿ.ಮೀ., ಚಿಕ್ಕ ತುದಿ 14.0 ಮಿ.ಮೀ., ಉದ್ದ 14.2 ಮಿ.ಮೀ. ಇದ್ದರೆ 4.0 ಅನ್ನು 28.4ರಿಂದ ಭಾಗಿಸಿದಾಗ 0.141 ಬರುತ್ತದೆ, ಇದು 8 ಡಿಗ್ರಿಯ ಅರ್ಧಕೋನ, ಅಂದರೆ 16 ಡಿಗ್ರಿಯ ಪೂರ್ಣಕೋನ. ಕೋನದಲ್ಲಿ ಒಂದು ಡಿಗ್ರಿ ವ್ಯತ್ಯಾಸವಿದ್ದರೂ ಕೋಲೆಟ್ ಒಂದು ತುದಿಯಲ್ಲಿ ಮಾತ್ರ ತಾಗುತ್ತದೆ.

ಬಣ್ಣದ ಪರೀಕ್ಷೆ: ಹೊಸ ಕೋಲೆಟ್‌ನ ಹೊರ ಇಳಿಜಾರಿಗೆ ಫಿಟ್ಟರ್‌ಗಳು ಬಳಸುವ ನೀಲಿ ಬಣ್ಣವನ್ನೋ ಮಾರ್ಕರ್ ಪೆನ್ನಿನ ಶಾಯಿಯನ್ನೋ ತೆಳುವಾಗಿ ಹಚ್ಚಿ, ಸ್ಪಿಂಡಲ್‌ನೊಳಗೆ ಕೂರಿಸಿ ಕೈಯಿಂದ ಸ್ವಲ್ಪ ತಿರುಗಿಸಿ ಹೊರತೆಗೆಯಬೇಕು. ಬಣ್ಣವು ಇಳಿಜಾರಿನ ಉದ್ದಕ್ಕೂ ಸಮನಾಗಿ ಉಜ್ಜಿಹೋಗಿದ್ದರೆ ಕೋನ ಹೊಂದಿದೆ. ಒಂದು ತುದಿಯಲ್ಲಿ ಮಾತ್ರ ಉಜ್ಜಿಹೋಗಿದ್ದರೆ ಆ ಕೋಲೆಟ್ ಆ ಯಂತ್ರದ್ದಲ್ಲ.

ಇಆರ್ ಕೋಲೆಟ್‌ಗಳೊಂದಿಗಿನ ಗೊಂದಲ

ಗಣಕಯಂತ್ರ ನಿಯಂತ್ರಿತ ಸಿಎನ್‌ಸಿ ರೂಟರ್‌ಗಳಲ್ಲಿ ಇಆರ್ ಎಂಬ ಶ್ರೇಣಿಯ ಕೋಲೆಟ್‌ಗಳು ಬಳಕೆಯಾಗುತ್ತವೆ. ಇವು ಅಂತಾರಾಷ್ಟ್ರೀಯ ಮಾನಕಕ್ಕೆ ಒಳಪಟ್ಟಿದ್ದು, ಅರ್ಧಕೋನ 8 ಡಿಗ್ರಿ ಇರುತ್ತದೆ. ಇಆರ್ 11, ಇಆರ್ 16, ಇಆರ್ 20, ಇಆರ್ 32 ಎಂಬ ಸಂಖ್ಯೆಗಳು ಕೋಲೆಟ್‌ನ ಹೊರವ್ಯಾಸವನ್ನು ಸ್ಥೂಲವಾಗಿ ಸೂಚಿಸುತ್ತವೆ. ಇಆರ್ 16 ಮತ್ತು ಅದಕ್ಕಿಂತ ದೊಡ್ಡ ಕೋಲೆಟ್‌ಗಳು ಸಾಮಾನ್ಯವಾಗಿ 1 ಮಿ.ಮೀ.ವರೆಗಿನ ವ್ಯಾಪ್ತಿಯಲ್ಲಿ ದಂಡವನ್ನು ಹಿಡಿಯಬಲ್ಲವು.

ಇದರಿಂದ ಎರಡು ತಪ್ಪು ತಿಳಿವಳಿಕೆಗಳು ಹುಟ್ಟಿವೆ. ಮೊದಲನೆಯದು, ಅಗ್ಗವಾಗಿ ಸಿಗುವ ಇಆರ್ ಕೋಲೆಟ್ ಕೈರೂಟರ್‌ಗೂ ಹೊಂದುತ್ತದೆ ಎಂಬುದು. ಕೈರೂಟರ್‌ಗಳ ಕೋಲೆಟ್‌ಗಳು ಬಹುತೇಕ ಆಯಾ ಕಂಪನಿಯ ಸ್ವಂತ ವಿನ್ಯಾಸದವಾಗಿದ್ದು, ಕೋನ ಒಂದೇ ಆಗಿದ್ದರೂ ವ್ಯಾಸ, ಉದ್ದ, ನಟ್‌ನ ಥ್ರೆಡ್ ಬೇರೆಯಾಗಿರುತ್ತವೆ. ಎರಡನೆಯದು, ಇಆರ್ ಕೋಲೆಟ್ಟಿನಂತೆ ಕೈರೂಟರ್‌ನ ಕೋಲೆಟ್ ಕೂಡ ಸ್ವಲ್ಪ ಚಿಕ್ಕ ದಂಡವನ್ನು ಹಿಡಿಯಬಲ್ಲದು ಎಂಬುದು. ಕೈರೂಟರ್‌ನ ಕೋಲೆಟ್ ಒಂದೇ ಅಳತೆಗಾಗಿ ಮಾಡಿದ್ದು. ಅದಕ್ಕೆ ಅಂಥ ವ್ಯಾಪ್ತಿಯಿಲ್ಲ.

ತಗ್ಗಿಸುವ ಬುಷ್‌ಗಳು

ಮಕಿತಾ ಮತ್ತು ಹಿಟಾಚಿಯ ಹಳೆಯ ದೊಡ್ಡ ರೂಟರ್‌ಗಳಲ್ಲಿ 12 ಮಿ.ಮೀ. ಅಥವಾ ಅರ್ಧ ಇಂಚಿನ ಒಂದೇ ಕೋಲೆಟ್ಟಿದ್ದು, ಚಿಕ್ಕ ದಂಡಗಳಿಗಾಗಿ ಸೀಳುಳ್ಳ ಬುಷ್‌ಗಳನ್ನು ಒಳಗೆ ಹಾಕುವ ಪದ್ಧತಿಯಿದೆ. ಕೋಲೆಟ್ ಸಿಗದೆ ಇದ್ದಾಗ ಇದು ಒಪ್ಪಬಹುದಾದ ಪರಿಹಾರ. ಆದರೆ ಬುಷ್‌ನ ಹೊರವ್ಯಾಸವು ಕೋಲೆಟ್‌ಗೂ ಒಳವ್ಯಾಸವು ದಂಡಕ್ಕೂ ನಿಖರವಾಗಿ ಹೊಂದಬೇಕು. ಬುಷ್ ಕೋಲೆಟ್‌ನ ಪೂರ್ಣ ಉದ್ದಕ್ಕೆ ಇರಬೇಕು. ಒಂದರೊಳಗೊಂದು ಎರಡು ಬುಷ್‌ಗಳನ್ನು ಹಾಕಬಾರದು. ಕಾಗದ, ತಗಡಿನ ಚೂರು ಅಥವಾ ಟೇಪನ್ನು ಸುತ್ತಿ ದಂಡವನ್ನು ದಪ್ಪ ಮಾಡುವುದು ಯಾವ ಸಂದರ್ಭದಲ್ಲಿಯೂ ಸಲ್ಲದು.

ಹೊಸ ಕೋಲೆಟ್ ಹುಡುಕುವುದಕ್ಕಿಂತ ಸುಲಭವಾದ ಇನ್ನೊಂದು ದಾರಿಯಿದೆ. ಯಂತ್ರದಲ್ಲಿರುವ ಮೂಲ ಕೋಲೆಟ್ ಚೆನ್ನಾಗಿದ್ದು ಬಿಟ್‌ಗಳು ಮಾತ್ರ ಹೊಂದದೆ ಇದ್ದರೆ, ಕೋಲೆಟ್‌ಗೆ ತಕ್ಕ ದಂಡದ ಬಿಟ್‌ಗಳನ್ನು ಕೊಳ್ಳುವುದು ಲೇಸು. ಬಿಟ್‌ಗಳು ಹೇಗೂ ಸವೆದು ಬದಲಾಗುವ ವಸ್ತುಗಳು.

ಸವೆತದ ಲಕ್ಷಣಗಳು

ಕೋಲೆಟ್ ಕಾಲಕ್ರಮೇಣ ಬದಲಿಸಬೇಕಾದ ಭಾಗವಾಗಿದೆ. ಅದು ಸವೆದಿರುವುದನ್ನು ಈ ಲಕ್ಷಣಗಳು ತಿಳಿಸುತ್ತವೆ:

• ಕೆಲಸದ ನಡುವೆ ಬಿಟ್ ತಾನಾಗಿ ಕೆಳಕ್ಕೆ ಜಾರಿ ಗಾಡಿಯ ಆಳ ಹೆಚ್ಚುವುದು.
• ಬಿಟ್‌ನ ದಂಡದ ಮೇಲೆ ಕಪ್ಪು ಅಥವಾ ಕಂದು ಗೀರುಗಳು ಕಾಣಿಸುವುದು.
• ನಟ್ಟನ್ನು ಮೊದಲಿಗಿಂತ ಹೆಚ್ಚು ಬಲದಿಂದ ಬಿಗಿಯಬೇಕಾಗುವುದು.
• ಕೋಲೆಟ್‌ನ ಬಾಯಿ ಗಂಟೆಯ ಬಾಯಿಯಂತೆ ಅಗಲವಾಗಿರುವುದು.
• ಸೀಳಿನ ಬುಡದಲ್ಲಿ ಕೂದಲೆಳೆಯಂಥ ಬಿರುಕು ಕಾಣುವುದು.
• ಹರಿತವಾದ ಬಿಟ್ ಹಾಕಿದರೂ ಮರದ ಮೇಲೆ ಅಲೆಯಂಥ ಗುರುತು ಉಳಿಯುವುದು, ಯಂತ್ರದ ಸದ್ದು ಬದಲಾಗುವುದು.

ಓಲಾಟವನ್ನು ಅಳೆಯಲು ನೇರವಾದ ಉಕ್ಕಿನ ಸರಳನ್ನು ಕೋಲೆಟ್‌ನಲ್ಲಿ ಹಿಡಿದು, ಪ್ಲಗ್ ತೆಗೆದ ಸ್ಥಿತಿಯಲ್ಲಿ ಸ್ಪಿಂಡಲ್ಲನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತ ಡಯಲ್ ಗೇಜಿನ ಮುಳ್ಳನ್ನು ಗಮನಿಸಲಾಗುತ್ತದೆ. ಕೋಲೆಟ್ ತೆಗೆದು ಸ್ಪಿಂಡಲ್‌ನ ಒಳ ಇಳಿಜಾರಿಗೇ ಗೇಜನ್ನು ತಾಗಿಸಿದಾಗಲೂ ಓಲಾಟ ಕಂಡುಬಂದರೆ ದೋಷ ಕೋಲೆಟ್‌ನದ್ದಲ್ಲ. ಬೇರಿಂಗ್ ಅಥವಾ ಸ್ಪಿಂಡಲ್‌ನದ್ದು.

ಅನೇಕ ವೇಳೆ ಸವೆದಂತೆ ತೋರುವ ಕೋಲೆಟ್ ಕೊಳೆಯಿಂದ ಮಾತ್ರ ಕೆಟ್ಟಿರುತ್ತದೆ. ಸೀಮೆಎಣ್ಣೆಯಲ್ಲಿ ನೆನೆಸಿ ಹಿತ್ತಾಳೆಯ ಬ್ರಶ್ಶಿನಿಂದ ಉಜ್ಜಿ ಪೂರ್ತಿ ಒಣಗಿಸಿದರೆ ಅಂಟಿನ ಪದರ ಹೋಗುತ್ತದೆ. ಉಪ್ಪುಕಾಗದದಿಂದ ಉಜ್ಜಿದರೆ ಅಳತೆಯೇ ಬದಲಾಗುತ್ತದೆ. ಕೋಲೆಟ್‌ನ ಒಳಗೆ ಎಣ್ಣೆ ಉಳಿಯಬಾರದು.

ಲೇತ್ ಅಂಗಡಿಯಲ್ಲಿ ಮಾಡಿಸಬಹುದೇ?

ಹುಣಸೂರು, ಕೃಷ್ಣರಾಜನಗರಗಳಂಥ ತಾಲ್ಲೂಕು ಕೇಂದ್ರಗಳಲ್ಲಿ ಟ್ರಾಕ್ಟರ್, ಪಂಪ್‌ಸೆಟ್‌ಗಳ ಭಾಗಗಳನ್ನು ಕಡೆಯುವ ಲೇತ್ ಅಂಗಡಿಗಳಿರುವುದರಿಂದ ಕೋಲೆಟ್ಟನ್ನೂ ಅಲ್ಲಿಯೇ ಮಾಡಿಸುವ ಯೋಚನೆ ಸಹಜ. ಆದರೆ ಸಾಧಾರಣ ಮೆದು ಉಕ್ಕಿನಲ್ಲಿ ಕಡೆದು ಗರಗಸದಿಂದ ಸೀಳಿದ ಕೋಲೆಟ್ ಒಮ್ಮೆ ಅಮುಕಿದ ಮೇಲೆ ಮೂಲ ಆಕಾರಕ್ಕೆ ಮರಳುವುದಿಲ್ಲ. ಶಾಖದಿಂದ ಗಟ್ಟಿಗೊಳಿಸಿದರೆ ಅದು ಸ್ವಲ್ಪ ತಿರುಚಿಕೊಳ್ಳುತ್ತದೆ. ಬಳಿಕ ನಿಖರವಾದ ಸಾಣೆ ಯಂತ್ರದಿಂದ ಒಳಹೊರಗಿನ ಮೈಗಳನ್ನು ಒಂದೇ ಕೇಂದ್ರಕ್ಕೆ ತರಬೇಕು. ಇದು ಪಂಪಿನ ಬುಷ್ ಕಡೆಯುವುದಕ್ಕಿಂತ ಬೇರೆಯದೇ ಕೆಲಸ. ಕೆಲಸಗಾರನ ಕೌಶಲದ ಕೊರತೆಯ ಪ್ರಶ್ನೆ ಇಲ್ಲಿಲ್ಲ. ವಸ್ತು ಮತ್ತು ಯಂತ್ರದ ಮಿತಿಯೇ ಕಾರಣ.

ತಳದ ಫಲಕ, ಮಾರ್ಗದರ್ಶಿ ಬುಷ್, ಅಂಚಿನ ಗೈಡಿನ ಸರಳು, ಹಿಡಿಕೆಯ ತಿರುಪು, ಆಳ ನಿಲ್ಲಿಸುವ ಕಡ್ಡಿ ಮುಂತಾದ ತಿರುಗದ ಭಾಗಗಳನ್ನು ಲೇತ್ ಅಂಗಡಿಯಲ್ಲಿ ನಿಶ್ಚಿಂತೆಯಿಂದ ಮಾಡಿಸಬಹುದು.

ಇತರ ಬಿಡಿಭಾಗಗಳು

ಬೇರಿಂಗ್: ರೂಟರ್‌ಗಳ ಬೇರಿಂಗ್‌ಗಳು ಸಾಮಾನ್ಯವಾಗಿ ಮಾನಕ ಗಾತ್ರದವಾಗಿದ್ದು, ಸಂಖ್ಯೆ ಅವುಗಳ ಅಂಚಿನ ಮೇಲೆಯೇ ಕೆತ್ತಿರುತ್ತದೆ. ಸಾಮಾನ್ಯ ಗಾತ್ರಗಳ ಒಳವ್ಯಾಸ, ಹೊರವ್ಯಾಸ ಮತ್ತು ಅಗಲ ಮಿ.ಮೀ.ಗಳಲ್ಲಿ ಹೀಗಿವೆ:

• 608: 8, 22, 7
• 6000: 10, 26, 8
• 6001: 12, 28, 8
• 6201: 12, 32, 10
• 6202: 15, 35, 11
• 6003: 17, 35, 10
• 6203: 17, 40, 12

ಸಂಖ್ಯೆಯ ನಂತರದ ‘ಜಡ್‌ಜಡ್’ ಎರಡೂ ಬದಿಯ ಲೋಹದ ಮುಚ್ಚಳವನ್ನೂ ‘2ಆರ್‌ಎಸ್’ ರಬ್ಬರಿನ ಮುಚ್ಚಳವನ್ನೂ ಸೂಚಿಸುತ್ತವೆ. ಗಾತ್ರ ಒಂದೇ ಆಗಿದ್ದರೂ ಬೇರಿಂಗ್‌ನ ವೇಗಮಿತಿ ರೂಟರ್‌ನ ವೇಗಕ್ಕಿಂತ ಹೆಚ್ಚಿರಬೇಕು. ಮೋಟಾರ್ ಸೈಕಲ್ ಬಿಡಿಭಾಗದ ಅಂಗಡಿಗಳಲ್ಲಿ ಇದೇ ಸಂಖ್ಯೆಯ ಬೇರಿಂಗ್ ಸಿಗುತ್ತದೆ. ಆದರೆ ನಿಧಾನ ವೇಗಕ್ಕೆಂದು ಮಾಡಿದ ಅಗ್ಗದ ಬೇರಿಂಗ್ ರೂಟರ್‌ನಲ್ಲಿ ಬೇಗನೆ ಕಾದು ಹಾಳಾಗುತ್ತದೆ.

ಕಾರ್ಬನ್ ಬ್ರಶ್: ದಪ್ಪ, ಅಗಲ, ಉದ್ದ ಎಂಬ ಮೂರು ಅಳತೆಗಳಲ್ಲದೆ ಸ್ಪ್ರಿಂಗ್ ಮತ್ತು ತುದಿಯ ತಗಡಿನ ಆಕಾರವೂ ಹೊಂದಬೇಕು. ಬ್ರಶ್ 5–6 ಮಿ.ಮೀ.ಗೆ ಸವೆದಾಗ ಎರಡನ್ನೂ ಒಟ್ಟಿಗೆ ಬದಲಿಸುವುದು ವಾಡಿಕೆ. ಮೂಲ ಬ್ರಶ್ ಸಿಗದಿದ್ದರೆ ಸ್ವಲ್ಪ ದೊಡ್ಡದನ್ನು ನುಣುಪಾದ ಉಪ್ಪುಕಾಗದದ ಮೇಲೆ ಉಜ್ಜಿ ಹೊಂದಿಸಬಹುದು. ಬ್ರಶ್ ತನ್ನ ಗೂಡಿನಲ್ಲಿ ಅಲುಗಾಡದೆ, ಸಿಕ್ಕಿಕೊಳ್ಳದೆ ಜಾರಬೇಕು.

ಆರ್ಮೇಚರ್: ನೀರಾವರಿ ಪ್ರದೇಶಗಳಲ್ಲಿ ಪಂಪ್‌ಸೆಟ್ ಮೋಟಾರುಗಳ ವೈಂಡಿಂಗ್ ಅಂಗಡಿಗಳು ಹೆಚ್ಚಾಗಿವೆ. ಪಂಪ್‌ಸೆಟ್ಟಿನ ಇಂಡಕ್ಷನ್ ಮೋಟಾರು ನಿಮಿಷಕ್ಕೆ 3,000 ಸುತ್ತುಗಳನ್ನು ಮೀರುವುದಿಲ್ಲ. ರೂಟರ್‌ನದು ಕಮ್ಯುಟೇಟರ್ ಉಳ್ಳ ಯೂನಿವರ್ಸಲ್ ಮೋಟಾರು. ಅದರ ವೇಗ ಏಳೆಂಟು ಪಟ್ಟು ಹೆಚ್ಚು. ಆದ್ದರಿಂದ ರೂಟರ್‌ನ ಆರ್ಮೇಚರನ್ನು ಮತ್ತೆ ಸುತ್ತಿಸಿದ ಮೇಲೆ ತೂಕದ ಸಮತೋಲನವನ್ನು ಪರೀಕ್ಷಿಸಲೇಬೇಕು. ಸಮತೋಲನ ತಪ್ಪಿದ ಆರ್ಮೇಚರ್‌ನ ಕಂಪನ ಬೇರಿಂಗನ್ನೂ ಕೋಲೆಟ್ಟನ್ನೂ ಹಾಳು ಮಾಡುತ್ತದೆ.

ವಿದೇಶದಿಂದ ಬಂದ ಯಂತ್ರಗಳು

ಅಮೆರಿಕದಲ್ಲಿರುವ ಬಂಧುಗಳು ತಂದುಕೊಟ್ಟ ರೂಟರ್‌ಗಳು 120 ವೋಲ್ಟಿಗೆ ಮಾಡಿದವು. ಭಾರತದ ಗೃಹಬಳಕೆಯ ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್ ಆಗಿದೆ. ಯೂನಿವರ್ಸಲ್ ಮೋಟಾರಿಗೆ 60 ಮತ್ತು 50 ಹರ್ಟ್ಸ್‌ಗಳ ಅಂತರ ಬಾಧಕವಲ್ಲ. ವೋಲ್ಟೇಜಿನ ಅಂತರ ಬಾಧಕ. ನೇರವಾಗಿ ಜೋಡಿಸಿದರೆ ವೇಗ ಮಿತಿಮೀರಿ ಮೋಟಾರು ಸುಟ್ಟುಹೋಗುತ್ತದೆ. 1,500 ವ್ಯಾಟಿನ ಯಂತ್ರಕ್ಕೆ ಕನಿಷ್ಠ 2,000 ವೋಲ್ಟ್-ಆಂಪಿಯರ್ ಸಾಮರ್ಥ್ಯದ, ವೋಲ್ಟೇಜು ತಗ್ಗಿಸುವ ಟ್ರಾನ್ಸ್‌ಫಾರ್ಮರ್ ಬೇಕಾಗುತ್ತದೆ. ಇಂಥ ಯಂತ್ರಗಳ ಕೋಲೆಟ್‌ಗಳು ಸಾಮಾನ್ಯವಾಗಿ ಇಂಚಿನ ಅಳತೆಯವಾಗಿದ್ದು, ಬಿಟ್‌ಗಳನ್ನೂ ಕಾಲು ಅಥವಾ ಅರ್ಧ ಇಂಚಿನ ದಂಡದಲ್ಲಿಯೇ ಆರಿಸಬೇಕಾಗುತ್ತದೆ.

ಸುರಕ್ಷತೆ

50 ಮಿ.ಮೀ. ವ್ಯಾಸದ ಬಿಟ್ ನಿಮಿಷಕ್ಕೆ 22,000 ಸುತ್ತು ತಿರುಗುವಾಗ ಅದರ ಅಂಚಿನ ವೇಗ ಸೆಕೆಂಡಿಗೆ ಸುಮಾರು 58 ಮೀಟರ್, ಅಂದರೆ ಗಂಟೆಗೆ 207 ಕಿ.ಮೀ. ಆಗುತ್ತದೆ. ಅದೇ ಬಿಟ್ 12,000 ಸುತ್ತುಗಳಲ್ಲಿ ಗಂಟೆಗೆ 113 ಕಿ.ಮೀ. ವೇಗದಲ್ಲಿರುತ್ತದೆ. ದೊಡ್ಡ ಬಿಟ್‌ಗಳನ್ನು ಕಡಿಮೆ ವೇಗದಲ್ಲಿ ಓಡಿಸಬೇಕೆಂಬ ನಿಯಮಕ್ಕೆ ಇದು ಕಾರಣ. ವೇಗ ನಿಯಂತ್ರಣವಿಲ್ಲದ ಹಳೆಯ ರೂಟರ್‌ಗಳು ದೊಡ್ಡ ಬಿಟ್‌ಗಳಿಗೆ ತಕ್ಕವಲ್ಲ.

ಬಿಟ್ ಬದಲಿಸುವ ಮೊದಲು ಪ್ಲಗ್ಗನ್ನು ತೆಗೆಯಬೇಕು. ದಂಡವನ್ನು ತಳದವರೆಗೆ ತೂರಿಸಿ 2–3 ಮಿ.ಮೀ. ಹಿಂದಕ್ಕೆ ಎಳೆದು ಬಿಗಿಯಬೇಕು. ತಳಕ್ಕೆ ತಾಗಿದ ದಂಡ ಕೋಲೆಟ್‌ನೊಂದಿಗೆ ಒಳಕ್ಕೆ ಸರಿಯಲಾರದೆ ಹಿಡಿತ ಅಪೂರ್ಣವಾಗುತ್ತದೆ. ದಂಡ ಮತ್ತು ಅಲಗು ಸೇರುವಲ್ಲಿನ ದುಂಡನೆಯ ಭಾಗ ಕೋಲೆಟ್‌ನೊಳಗೆ ಸೇರಬಾರದು. ಬಿಟ್ ಇಲ್ಲದ ಖಾಲಿ ಕೋಲೆಟ್ಟನ್ನು ಪಾನಾದಿಂದ ಬಿಗಿದರೆ ಅದು ಕುಗ್ಗಿ ಹಾಳಾಗುತ್ತದೆ. ಹೊಸ ಕೋಲೆಟ್ ಹಾಕಿದ ಮೇಲೆ ಮೊದಲ ಬಾರಿ ಮರಕ್ಕೆ ತಾಗಿಸದೆ, ಯಾರ ಕಡೆಗೂ ಮುಖಮಾಡದೆ ಯಂತ್ರವನ್ನು ಒಂದು ನಿಮಿಷ ಓಡಿಸಿ, ನಿಲ್ಲಿಸಿ, ಪ್ಲಗ್ ತೆಗೆದು ದಂಡ ಸರಿದಿದೆಯೇ ಎಂದು ನೋಡುವುದು ಒಳ್ಳೆಯ ಅಭ್ಯಾಸ. ದಂಡದ ಮೇಲೆ ಮೊದಲೇ ಪೆನ್ನಿನಿಂದ ಗೆರೆ ಹಾಕಿದ್ದರೆ ಸರಿದದ್ದು ಸ್ಪಷ್ಟವಾಗಿ ಕಾಣುತ್ತದೆ.

ದುರಸ್ತಿಯ ಮಿತಿ

ಕೋಲೆಟ್, ಬ್ರಶ್, ಬೇರಿಂಗ್, ಸ್ವಿಚ್ ಬದಲಿಸಿ ಸರಿಯಾಗುವ ರೂಟರನ್ನು ಉಳಿಸಿಕೊಳ್ಳುವುದು ಲಾಭಕರ. ಎರಕದ ಮೈಯುಳ್ಳ ಹಳೆಯ ಯಂತ್ರಗಳು ದಶಕಗಳ ಕಾಲ ಬಾಳುತ್ತವೆ. ಸ್ಪಿಂಡಲ್‌ನ ಒಳ ಇಳಿಜಾರು ಗೀರುಬಿದ್ದಿದ್ದರೆ ಅಥವಾ ಥ್ರೆಡ್ ತಿಂದುಹೋಗಿದ್ದರೆ ಹೊಸ ಕೋಲೆಟ್ ಹಾಕಿಯೂ ಪ್ರಯೋಜನವಿಲ್ಲ. ಹಲವು ಯಂತ್ರಗಳಲ್ಲಿ ಸ್ಪಿಂಡಲ್ ಆರ್ಮೇಚರ್‌ನ ಭಾಗವೇ ಆಗಿರುವುದರಿಂದ ಎರಡನ್ನೂ ಒಟ್ಟಿಗೆ ಬದಲಿಸಬೇಕಾಗುತ್ತದೆ. ಮೂಲ ಆರ್ಮೇಚರ್ ಸಿಗದಿದ್ದರೆ, ಅಂಥ ಯಂತ್ರವನ್ನು ಅದೇ ಮಾದರಿಯ ಇನ್ನೊಂದು ಯಂತ್ರಕ್ಕೆ ಬಿಡಿಭಾಗಗಳ ಆಕರವಾಗಿ ಇಟ್ಟುಕೊಳ್ಳುವುದು ರೂಢಿಯಲ್ಲಿದೆ. ಬಳಕೆಯಲ್ಲಿರುವ ಮಾದರಿಯ ಕೋಲೆಟ್ ಇನ್ನೂ ಮಾರುಕಟ್ಟೆಯಲ್ಲಿ ದೊರೆಯುತ್ತಿರುವಾಗಲೇ ಹೆಚ್ಚುವರಿಯಾಗಿ ಒಂದನ್ನು ಕೊಂಡು, ಒಣಗಿದ ಡಬ್ಬಿಯಲ್ಲಿ ಯಂತ್ರದ ಟೈಪ್ ಸಂಖ್ಯೆಯ ಚೀಟಿಯೊಂದಿಗೆ ಇಡುವುದರಿಂದ ಮುಂದಿನ ಹುಡುಕಾಟ ತಪ್ಪುತ್ತದೆ.

ಇವನ್ನೂ ನೋಡಿ

• ಮರಗೆಲಸ
• ಲೇತ್
• ಬೇರಿಂಗ್
• ವರ್ನಿಯರ್ ಕ್ಯಾಲಿಪರ್
• ತೇಗ
• ಬೀಟೆ
• ಹುಣಸೂರು